ಭಾವನ ಎಡಗಿವಿ

ನಮ್ಮ ಭಾವನಿಗೆ ಎರಡು ಕಿವಿಗಳಿವೆ ಎಂಬುದು ಮೊದಲಿನಿಂದ ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಅದರಲ್ಲಿ ಎಡಗಡೆಯದು ಕಲಾಲೋಕಕ್ಕೆ ಸೇರಿದ್ದು ಎಂದು ತಿಳಿದುಬಂದದ್ದು ಮಾತ್ರ ಈಚೆಗೆ. ತಿಳಿದುಬಂದ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಊರವರು ತಲೆಗೊಂದು ಕಥೆ ಕಟ್ಟುವ ಮೊದಲು ಆದದ್ದನ್ನು ಆದ ಹಾಗೆ ನಾನೇ ಹೇಳಿಬಿಡುವುದು ವಾಸಿ.

ಭಾವ ಅಂದರೆ ನನ್ನ ಅಕ್ಕನ ಗಂಡ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ಯಾರ ಮನೆಯ ನಲ್ಲಿ ಒಣಗಿದರೂ, ಯಾರ ಬಾಗಿಲ ಮುಂದೆ ಪೈಪು ಒಡೆದರೂ ಅವರು ಬಂದು ನಿಲ್ಲುವುದು ಭಾವನ ಕಿಟಕಿಯ ಮುಂದೆ. ಬಂದವರು ಕೂಗಾಡುತ್ತಾರೆ, ಕಟ್ಟೆ ಕುಟ್ಟುತ್ತಾರೆ, ಕಚೇರಿಯವರ ವಂಶವನ್ನೆಲ್ಲ ಜಾಲಾಡುತ್ತಾರೆ. ಭಾವ ಬಲಗೈ ಮೇಲೆ ಗಲ್ಲವಿಟ್ಟು, ಎಡಗಿವಿಯನ್ನು ಕಿಟಕಿಯ ಕಡೆಗೆ ಕೊಟ್ಟು, ಕಣ್ಣು ಅರ್ಧ ತೆರೆದು ಕೂತಿರುತ್ತಾರೆ. ಕೂಗು ಮುಗಿದ ಮೇಲೆ ಒಮ್ಮೆ ನಿಧಾನವಾಗಿ ತಲೆಯಾಡಿಸಿ, "ನೋಡೋಣ" ಅನ್ನುತ್ತಾರೆ. ಬಂದವರು ಸಮಾಧಾನವಾಗಿ ಮನೆಗೆ ಹೋಗುತ್ತಾರೆ. ದೂರು ಬರೆದುಕೊಳ್ಳುವ ಕೆಲಸ ಪಕ್ಕದ ಗುಮಾಸ್ತೆಯದು. ಭಾವನದು ಬರೀ ಕೂತಿರುವ ಕೆಲಸ.

ಇದರ ಗುಟ್ಟನ್ನು ಭಾವ ಒಂದು ಸಲ ನನಗೆ ಹೇಳಿದ್ದರು. ಬಂದವರ ಮಾತನ್ನು ಕೇಳಿಸಿಕೊಳ್ಳಲು ಶುರುಮಾಡಿದರೆ ಈ ಕೆಲಸ ಮಾಡಲು ಸಾಧ್ಯವೇ ಇಲ್ಲವಂತೆ. ಮುಖವನ್ನು ಕಿಟಕಿಯಲ್ಲಿ ಬಿಟ್ಟು ಮನಸ್ಸನ್ನು ಬೇರೆ ಕಡೆ ಕಳಿಸಬೇಕಂತೆ. ಅವರಿಗಿಂತ ಮೊದಲು ಅಲ್ಲಿ ಕೂತಿದ್ದವರು ಪ್ರತಿ ಮಾತನ್ನೂ ಕೇಳಿಸಿಕೊಂಡು, ಕೊನೆಗೆ ರಕ್ತದೊತ್ತಡ ತಂದುಕೊಂಡು, ವರ್ಗಾವಣೆ ತೆಗೆದುಕೊಂಡು ಹೋದರಂತೆ. ಅಭ್ಯಾಸ ಎಂಬುದು ಕಚೇರಿ ಮುಚ್ಚಿದ ಕೂಡಲೇ ಮುಚ್ಚಿಕೊಳ್ಳುವುದಿಲ್ಲವಲ್ಲ. ಭಾವ ಮನೆಯಲ್ಲೂ ಹಾಗೇ ಕೂರುತ್ತಿದ್ದರು. ಅಕ್ಕ ಎದುರಿಗೆ ಕೂತು ಏನಾದರೂ ಹೇಳುತ್ತಿದ್ದರೆ ಕಡೆಗೆ "ನೋಡೋಣ" ಅನ್ನುತ್ತಿದ್ದರು.

ಇನ್ನು ಚಿತ್ರದ ವಿಷಯ. ನಮ್ಮ ಅಣ್ಣನ ಮಗಳು ಚಿತ್ರಕಲೆ ಕಲಿಯಲು ಬಂದವಳು ಅಕ್ಕನ ಮನೆಯಲ್ಲೇ ಇದ್ದಳು. ಕಲಿಕೆ ಮುಗಿದಿದ್ದರೂ ಅಣ್ಣನಿಂದ ಸ್ವಲ್ಪ ಗಡುವು ಕೇಳಿಕೊಂಡು ಅಲ್ಲೇ ಉಳಿದು ಚಿತ್ರ ಬರೆಯುತ್ತಿದ್ದಳು. ಅವಳದು ಜಲವರ್ಣ. ಕಾಗದವನ್ನು ನೀರಿನಲ್ಲಿ ನೆನೆಸಿ, ಹಲಗೆಗೆ ಅಂಟಿಸಿ, ಅದು ಹಸಿಯಾಗಿರುವಾಗಲೇ ಬಣ್ಣ ಬಿಡಬೇಕು. ಬಿಟ್ಟ ಬಣ್ಣ ತನಗೆ ಬೇಕಾದಷ್ಟು ದೂರ ಹರಿದುಕೊಂಡು ಹೋಗುತ್ತದೆ. ತಪ್ಪಿತು ಎಂದು ತಿದ್ದಲು ಹೋದರೆ ಕೆಸರಾಗುತ್ತದೆ. ಬಿಳಿ ಬೇಕಾದ ಕಡೆ ಬಣ್ಣ ಹಾಕುವುದಿಲ್ಲ, ಕಾಗದವನ್ನೇ ಖಾಲಿ ಬಿಡುತ್ತಾರೆ. ಹುಡುಗಿಯ ಕೈ ಸಡಿಲವಾಗಿರಬೇಕಾದರೆ ಬಾಯಿ ಆಡುತ್ತಿರಬೇಕು, ಅದು ಅವಳ ಪದ್ಧತಿ. ಒಂದು ರಜೆಯ ದಿನ ಮಧ್ಯಾಹ್ನ ಊಟ ಮುಗಿಸಿ ಕಿಟಕಿ ಪಕ್ಕ ಕೂತಿದ್ದ ಭಾವನನ್ನು ಅವಳು ಬರೆಯಲು ಶುರುಮಾಡಿದಳು. ಬರೆಯುತ್ತ ಮೆಲುದನಿಯಲ್ಲಿ ಏನೋ ಹೇಳುತ್ತಲೇ ಹೋದಳು. ನಾನು ಆಚೆ ಕೋಣೆಯಲ್ಲಿ ಪೇಪರ್ ಓದುತ್ತಿದ್ದೆ, ಮಾತು ನನ್ನವರೆಗೆ ಬರಲಿಲ್ಲ. ಮುಗಿದಾಗ ಭಾವ ನಿಧಾನವಾಗಿ ತಲೆಯಾಡಿಸಿ "ನೋಡೋಣಮ್ಮ" ಅಂದದ್ದು ಕೇಳಿಸಿತು. ಹುಡುಗಿ ಕಣ್ಣೊರೆಸಿಕೊಂಡು, ಹಗುರಾದ ಮುಖದಲ್ಲಿ, ಬ್ರಷ್ಷು ತೊಳೆಯಲು ಹೋದಳು.

ಆ ಚಿತ್ರ ಪ್ರದರ್ಶನಕ್ಕೆ ಹೋಯಿತು. ಉದ್ಘಾಟನೆಯ ದಿನ ನಾವೂ ಹೋದೆವು. ಗೋಡೆಯ ಮೇಲೆ ಬಹಳ ಚಿತ್ರಗಳಿದ್ದವು, ಜನವೆಲ್ಲ ಸೇರಿದ್ದು ಭಾವನ ಮುಂದೆ. ಭಾವನ ಮುಂದೆ ಅಂದರೆ ಚಿತ್ರದ ಮುಂದೆ. ಅಸಲಿ ಭಾವ ಹಿಂದೆ ಕಂಬಕ್ಕೊರಗಿ ನಿಂತಿದ್ದರು, ಅವರನ್ನು ಕೇಳುವವರಿರಲಿಲ್ಲ.

ಮುಂದಿದ್ದವರಲ್ಲಿ ಇಬ್ಬರು ಗಟ್ಟಿ ಗಿರಾಕಿಗಳು. ಒಬ್ಬರು ನಿವೃತ್ತ ನ್ಯಾಯಾಧೀಶರು, ಮನೆ ತುಂಬ ಭಾವಚಿತ್ರ ಸಂಗ್ರಹಿಸಿದವರು. ಇನ್ನೊಬ್ಬರು ಹಲ್ಲಿನ ಡಾಕ್ಟರಮ್ಮ. ಅವರು ಜಲವರ್ಣ ಬಿಟ್ಟು ಬೇರೆ ಕೊಳ್ಳುವುದಿಲ್ಲ. ತೈಲವರ್ಣದಲ್ಲಿ ತಪ್ಪಿನ ಮೇಲೆ ತೇಪೆ ಹಾಕಿ ಮುಚ್ಚಿಬಿಡಬಹುದು, ಇದರಲ್ಲಿ ಕೈ ಎಲ್ಲಿ ಹೆದರಿತು ಎಲ್ಲಿ ಧೈರ್ಯ ಮಾಡಿತು ಎಂಬುದೆಲ್ಲ ಕಾಣುತ್ತದೆ, ಅದಕ್ಕೇ ಇಷ್ಟ ಎಂದು ಪಕ್ಕದವರಿಗೆ ವಿವರಿಸುತ್ತಿದ್ದರು. ಇಬ್ಬರೂ ನೋಡುತ್ತಿದ್ದದ್ದು ಎಡಗಿವಿಯನ್ನು. ಒಂದೇ ಸಲ ಬ್ರಷ್ಷು ಎಳೆದು ಬಿಟ್ಟ ತಿಳಿ ಕೆಂಪು, ಅದರ ಅಂಚು ಕಾಗದದ ಬಿಳಿಯಲ್ಲಿ ಕರಗಿಹೋಗಿತ್ತು. ನ್ಯಾಯಾಧೀಶರು, ತಾವು ಬದುಕೆಲ್ಲ ಜನ ಹೇಳಿದ್ದನ್ನು ಕೇಳಿಕೊಂಡೇ ಬಂದವರು, ಆದರೂ ಇಷ್ಟು ಮನಸ್ಸಿಟ್ಟು ಕೇಳುವ ಕಿವಿಯನ್ನು ನೋಡಿಲ್ಲ ಅಂದರು. ಡಾಕ್ಟರಮ್ಮ ನೇರ ಹಣ ಕಟ್ಟುವ ಕೌಂಟರಿಗೆ ಹೋದರು.

ಸ್ವಲ್ಪ ಹೊತ್ತಿಗೆ ಪ್ರದರ್ಶನದ ವ್ಯವಸ್ಥಾಪಕ ಬಂದು ಚಿತ್ರದ ಕೆಳಗೆ ಒಂದು ಕೆಂಪು ಚುಕ್ಕೆ ಅಂಟಿಸಿದ. ಭಾವ ಕಂಬ ಬಿಟ್ಟು ನೆಟ್ಟಗಾದರು. ಅವರ ಕಚೇರಿಯಲ್ಲಿ ಕಡತದ ಮೇಲೆ ಕೆಂಪು ಚುಕ್ಕೆ ಬಿತ್ತು ಅಂದರೆ ಆಕ್ಷೇಪಣೆ ಬಂತು ಎಂದರ್ಥ. ಭಾವ ನೇರ ಹೋಗಿ, ಇದರಲ್ಲಿ ಲೋಪವೇನಿದೆ ಬಾಯಿಬಿಟ್ಟು ಹೇಳಿ, ಕಾರಣ ಕೊಡದೆ ತಿರಸ್ಕರಿಸಲು ನಿಮಗೆ ಅಧಿಕಾರವಿಲ್ಲ, ಮೇಲಿನವರು ಯಾರು ಕರೆಯಿರಿ ಎಂದು ಗದರಿಸಿದರು. ಆಮೇಲೆ ಉಗುರಿನಿಂದ ಚುಕ್ಕೆಯನ್ನು ಕೆರೆದು ಕಿತ್ತೇಬಿಟ್ಟರು. ಚುಕ್ಕೆ ಹೋದದ್ದನ್ನು ನೋಡಿದ ನ್ಯಾಯಾಧೀಶರು ಚಿತ್ರ ಇನ್ನೂ ಮಾರಾಟಕ್ಕಿದೆ ಎಂದುಕೊಂಡು ತಮಗೇ ಬೇಕು ಎಂದು ಪಟ್ಟು ಹಿಡಿದರು. ಡಾಕ್ಟರಮ್ಮ ತಾವು ಆಗಲೇ ಕೊಂಡಾಯಿತು ಅಂದರು. ಇಬ್ಬರೂ ವಿದ್ಯಾವಂತರಾದ್ದರಿಂದ ಬಹಳ ಸಭ್ಯವಾಗಿ, ಬಹಳ ಹೊತ್ತು ಜಗಳವಾಡಿದರು. ಕಡೆಗೆ ಚಿತ್ರ ಡಾಕ್ಟರಮ್ಮನಿಗೇ ಹೋಯಿತು. ಕೆಂಪು ಚುಕ್ಕೆ ಅಂದರೆ ಮಾರಾಟವಾಯಿತು ಎಂದು ನಾನು ತಿಳಿಸಿಹೇಳಿದಾಗ ಭಾವ ಚುಕ್ಕೆಯನ್ನು ಜೋಪಾನವಾಗಿ ಅಂಗಿಯ ಗುಂಡಿಯ ಪಕ್ಕ ಅಂಟಿಸಿಕೊಂಡರು.

ಮಾರನೆಯ ದಿನದಿಂದ ಭಾವ ಹಳೇ ಭಾವ ಆಗಿ ಉಳಿಯಲಿಲ್ಲ.

ಮೊದಲು ಕ್ಷೌರದಂಗಡಿಗೆ ಹೋದರು. ಎಡಗಿವಿಯ ಸುತ್ತ ಕೂದಲು ಪೂರ್ತಿ ತೆಗೆಸಿದರು, ಬಲಗಡೆ ಹಾಗೇ ಬಿಡಿಸಿದರು. ಕ್ಷೌರಿಕ ಒಂದೊಂದೇ ಕೂದಲು ಎಣಿಸಿದ ಹಾಗೆ ಕತ್ತರಿಸಿದನಂತೆ, ಏಕೆಂದರೆ ಕೂರುವ ಮೊದಲೇ ಭಾವ ಇದು ಸಂಗ್ರಹಕಾರರು ಮೆಚ್ಚಿದ ಕಿವಿ, ಎಚ್ಚರ ಎಂದು ಹೇಳಿದ್ದರು. ಫೋನನ್ನು ಬಲಗಿವಿಗೆ ಬದಲಾಯಿಸಿದರು. ರಸ್ತೆಯಲ್ಲಿ ಪರಿಚಯದವರು ಸಿಕ್ಕರೆ ಸುತ್ತಿಕೊಂಡು ಹೋಗಿ ಅವರ ಬಲಗಡೆಗೆ ನಿಲ್ಲುತ್ತಿದ್ದರು. ಅಕ್ಕ ಬೆಳಿಗ್ಗೆ ಟೀ ಕೊಡುತ್ತ, ಆ ಕಿವಿಯೊಳಗೆ ನಾನು ಮದುವೆಯಾದಾಗಿನಿಂದ ಮಾತಾಡುತ್ತಿದ್ದೇನೆ, ಒಂದು ದಿನವೂ ಒಳಗೆ ಯಾರಾದರೂ ಇದ್ದ ಸುಳಿವು ಸಿಕ್ಕಿಲ್ಲ ಅಂದಳು. ಭಾವ ಮೆಲ್ಲಗೆ ನಕ್ಕು, ಮನೆಯವರಿಗೆ ಬೆಲೆ ತಿಳಿಯುವುದು ಯಾವಾಗಲೂ ಕಡೆಗೆ ಎಂದು ನನಗೆ ಹೇಳಿದರು.

ಸುದ್ದಿ ಹಬ್ಬಿತು. ನೀರಿನ ತೊಂದರೆಯೇ ಇಲ್ಲದವರೂ ಭಾವನ ಕಿಟಕಿಗೆ ಬರತೊಡಗಿದರು. ಪಕ್ಕದ ಮನೆಯ ರಿಟೈರ್ಡ್ ಹೆಡ್‌ಮಿಸ್ಸು ದಿನಾ ಸಂಜೆ ಬಂದು ತಮ್ಮ ಮೊಣಕಾಲಿನ ಇತಿಹಾಸ ಹೇಳಿದರು. ಮೇಲಿನ ಮನೆಯ ಬಸ್ ಡ್ರೈವರು ತನ್ನ ಮಗ ತನ್ನೊಂದಿಗೆ ಮಾತಾಡುವುದಿಲ್ಲ ಎಂದು ಅತ್ತು ಹೋದ. ಕಚೇರಿಯ ದೊಡ್ಡ ಸಾಹೇಬರೇ ಒಂದು ದಿನ ಬಾಗಿಲು ಹಾಕಿಕೊಂಡು ಭಾವನನ್ನು ಒಳಗೆ ಕೂರಿಸಿಕೊಂಡರು. ಏನು ಹೇಳಿದರು ಎಂದು ನಾವು ಕೇಳಿದ್ದಕ್ಕೆ ಭಾವ ಗಂಭೀರವಾಗಿ, ಅದೆಲ್ಲ ಹೊರಗೆ ಹೇಳುವಂಥದ್ದಲ್ಲ ಅಂದರು. ನಿಜವೇ, ಹೇಳಲು ಅವರಿಗೆ ಏನಾದರೂ ಗೊತ್ತಿದ್ದರೆ ತಾನೇ. ಎಲ್ಲರಿಗೂ ಗಲ್ಲಕ್ಕೆ ಕೈ, ಎಡಗಿವಿ, ಕಡೆಗೊಂದು "ನೋಡೋಣ". ಎಲ್ಲರೂ ಸಮಾಧಾನವಾಗಿ ಹೋಗುತ್ತಿದ್ದರು. ಬರಬರುತ್ತ ಭಾವ ತಾವು ನಿಜವಾಗಿಯೂ ಕೇಳಿಸಿಕೊಳ್ಳುತ್ತಿದ್ದೇವೆ ಎಂದು ನಂಬಿಬಿಟ್ಟರು.

ಇಷ್ಟರಲ್ಲಿ ಅಣ್ಣ ಬಂದ. ಅಣ್ಣನದು ಪ್ಲೈವುಡ್ ಅಂಗಡಿ. ಕೊಟ್ಟ ದುಡ್ಡಿಗೆ ಸರಿಯಾಗಿ ಮಾಲು ತೂಗಬೇಕು ಎನ್ನುವ ಮನುಷ್ಯ. ಮಗಳಿಗೆ ಕೊಟ್ಟಿದ್ದ ಗಡುವು ಮುಗಿಯುತ್ತ ಬಂದಿತ್ತು, ಗೆಳೆಯನ ವಿಮಾ ಕಚೇರಿಯಲ್ಲಿ ಅವಳಿಗೆ ಕೆಲಸ ಗೊತ್ತುಮಾಡಿ ಕರೆದುಕೊಂಡು ಹೋಗಲು ಬಂದಿದ್ದ. ಚಿತ್ರ ಮಾರಾಟವಾದ ಸುದ್ದಿ ಕೇಳಿ ಅವನ ಮನಸ್ಸು ಕರಗಬಹುದು ಎಂದು ನಾವೆಲ್ಲ ಕಾದಿದ್ದೆವು. ಅವನು ಚಿತ್ರದ ಫೋಟೋವನ್ನು ಫೋನಿನಲ್ಲಿ ಹತ್ತಿರ ಹಿಡಿದು ನೋಡಿದ. ಅರ್ಧ ಕಾಗದ ಖಾಲಿ ಬಿಟ್ಟಿದ್ದಾಳಲ್ಲ, ನಮ್ಮ ಅಂಗಡಿಯಲ್ಲಿ ಹೀಗೆ ಮಾಡಿದರೆ ಗಿರಾಕಿ ಮಾಲು ವಾಪಸ್ಸು ಕಳಿಸುತ್ತಾನೆ ಅಂದ. ಹಾಗಿದ್ದರೂ ಇಷ್ಟು ಜನ ಮುಗಿಬಿದ್ದದ್ದು ಯಾಕೆ ಎಂದು ಕೇಳಿದ.

ಆಗ ಭಾವ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು, ಎಲ್ಲರೂ ಮೆಚ್ಚಿದ್ದು ಕಿವಿಯನ್ನು, ನನ್ನದೇನು ಹೆಚ್ಚುಗಾರಿಕೆಯಿಲ್ಲ, ಹುಟ್ಟಿನಿಂದ ಬಂದದ್ದು ಅಂದರು.

ಅಣ್ಣನಿಗೆ ಬೇಕಾದ ಉತ್ತರ ಸಿಕ್ಕಿತು. "ಮತ್ತಿನ್ನೇನಮ್ಮ. ಕಿವಿ ಭಾವಂದು. ನೀನು ಇದ್ದದ್ದನ್ನ ಇದ್ದ ಹಾಗೆ ಇಳಿಸಿದ್ದೀಯ, ಅಷ್ಟೇ ತಾನೇ? ಇನ್ನೊಂದು ಇಂಥಾ ಮುಖ ಎಲ್ಲಿಂದ ತರ್ತೀಯ? ಸಾಮಾನು ಕಟ್ಕೊ, ವಾರದೊಳಗೆ ಹೊರಡೋಣ."

ಹುಡುಗಿ ಎದ್ದಳು. ಅಡುಗೆಮನೆಗೆ ಹೋಗಿ ತೊಳೆದಿದ್ದ ಲೋಟಗಳನ್ನೇ ಮತ್ತೆ ತೊಳೆದಳು. ಸ್ವಲ್ಪ ಹೊತ್ತಿನ ಮೇಲೆ ಭಾವ ಒಬ್ಬರೇ ಸಿಕ್ಕಾಗ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ಮಾವ, ಅವತ್ತು ನಿಮಗೆ ಹೇಳಿದ್ನಲ್ಲ, ಅದನ್ನ ಅಪ್ಪಂಗೆ ನೀವೇ ಹೇಳ್ಬಿಡಿ. ನನಗಿರೋದು ನೀವೊಬ್ರೇ."

ಭಾವ ಅಭ್ಯಾಸದಂತೆ ತಲೆಯಾಡಿಸಿ ನೋಡೋಣ ಅಂದರು. ಅವಳು ಆಚೆ ಹೋದ ಕೂಡಲೇ ನನ್ನ ತೋಳು ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದರು. ಅವತ್ತು ಅವಳು ಏನು ಹೇಳಿದಳು ಎಂದು ನನ್ನನ್ನು ಕೇಳಿದರು. ಕೂತಿದ್ದವರು ನೀವು, ನನ್ನನ್ನು ಕೇಳಿದರೆ ಅಂದೆ. ನೆನಪು ಮಾಡಿಕೊಳ್ಳಲು ಅವರು ಅದೇ ಕುರ್ಚಿಯಲ್ಲಿ ಅದೇ ಭಂಗಿಯಲ್ಲಿ ಕೂತು ನೋಡಿದರು. ಆ ಮಧ್ಯಾಹ್ನ ತಾವು ಸ್ಕೂಟರಿನ ಹಿಂದಿನ ಟೈರು ಈಗಲೇ ಬದಲಾಯಿಸಬೇಕೋ ಸ್ವಲ್ಪ ದಿನ ಬಿಟ್ಟೋ ಎಂದು ಯೋಚಿಸುತ್ತಿದ್ದದ್ದು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ. ಅಕ್ಕನನ್ನು ಕೇಳಿದರು. ಕಿವಿ ನಿಮ್ಮದು, ಅದನ್ನೇ ಕೇಳಿಕೊಳ್ಳಿ ಎಂದಳು ಅಕ್ಕ.

ನೇರವಾಗಿ ಹುಡುಗಿಯನ್ನೇ ಕೇಳಿಬಿಡಿ ಎಂದು ನಾನು ಬುದ್ಧಿ ಹೇಳಿದೆ. ಭಾವ ಒಪ್ಪಲಿಲ್ಲ. ಊರಿಗೆಲ್ಲ ಕಿವಿಯಾದವನು ಮನೆಯ ಮಗುವಿನ ಮಾತು ಕೇಳಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ ಅಂದರು. ಬದಲಿಗೆ ಉಪಾಯವಾಗಿ ಬಾಯಿಬಿಡಿಸಲು ಹೊರಟರು. ಅವಳು ಸೂಟ್‌ಕೇಸಿಗೆ ಬ್ರಷ್ಷು ತುಂಬುತ್ತಿದ್ದಾಗ ಪಕ್ಕದಲ್ಲಿ ನಿಂತು, ಆ ವಿಷಯ ಅಂದೆಯಲ್ಲ, ಅದರಲ್ಲಿ ಮುಖ್ಯವಾದದ್ದು ಯಾವುದು ಅನ್ನಿಸುತ್ತೆ ನಿನಗೆ ಎಂದು ಕೇಳಿದರು. ನಿಮಗೇ ಗೊತ್ತಲ್ಲ ಮಾವ ಎಂದಳು ಅವಳು. ಭಾವ ಹೌದು ಹೌದು ಎಂದು ಹೊರಗೆ ಬಂದು, ಯಾರನ್ನೋ ಮದುವೆ ಆಗುತ್ತಾಳೇನೋ ಎಂದು ನನ್ನ ಹತ್ತಿರ ಊಹಿಸಿದರು. ಇನ್ನೊಂದು ಗಳಿಗೆಗೆ ಅವಳಿಗೇನೋ ಕಾಯಿಲೆ ಇರಬೇಕು ಎಂದು ತಾವೇ ಗಾಬರಿಯಾದರು. ಆ ವಾರ ಅವರಿಗೆ ಊಟ ಸೇರಲಿಲ್ಲ. ಕಚೇರಿಯಲ್ಲಿ ಮೊದಲ ಸಲ ಒಬ್ಬ ದೂರುದಾರನಿಗೆ, ಸ್ವಲ್ಪ ಸುಮ್ಮನಿರಿ, ನನ್ನದೇ ನನಗೆ ಸಾಕಾಗಿದೆ ಅಂದರಂತೆ. ಆ ಮನುಷ್ಯ ಕಲಾರಸಿಕನಾಗಿದ್ದ, ಬಹಳ ನೊಂದುಕೊಂಡು ಹೋದನಂತೆ.

ಹೊರಡುವ ಹಿಂದಿನ ದಿನ ಡಾಕ್ಟರಮ್ಮ ನಮ್ಮನ್ನೆಲ್ಲ ಸಂಜೆಯ ಟೀಗೆ ಕರೆದರು. ಚಿತ್ರ ಗೋಡೆಗೆ ಏರಿದೆ, ಬರೆದವರೂ ಕೂತವರೂ ಬಂದು ನೋಡಬೇಕು ಎಂದು ಅವರ ಆಸೆ. ಅವರದು ಒಬ್ಬರೇ ಇರುವ ಮನೆ. ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ ಎಂದು ಊಟದ ಕೋಣೆಯ ಒಳಗೋಡೆಯ ಮೇಲೆ, ಮೇಜಿನ ಎದುರಿಗೇ ಭಾವನನ್ನು ತೂಗುಹಾಕಿದ್ದರು. ನ್ಯಾಯಾಧೀಶರೂ ಬಂದಿದ್ದರು. ಚಿತ್ರ ಸಿಗದಿದ್ದರೂ ನೋಡುವ ಹಕ್ಕು ಬಿಟ್ಟುಕೊಟ್ಟಿಲ್ಲ ಎಂದು ನಗುತ್ತ ಹೇಳಿದರು.

ಡಾಕ್ಟರಮ್ಮ ಟೀ ಬಗ್ಗಿಸುತ್ತ ತಮ್ಮ ಕಥೆ ಹೇಳಿದರು. ದಿನವಿಡೀ ಅವರ ಮುಂದೆ ಜನ ಬಾಯಿ ತೆರೆದುಕೊಂಡೇ ಇರುತ್ತಾರೆ, ಆದರೆ ಯಾರೂ ಮಾತಾಡುವ ಹಾಗಿಲ್ಲ. ಮನೆಗೆ ಬಂದರೆ ಇವರ ಮಾತು ಕೇಳಲು ಯಾರೂ ಇಲ್ಲ. ಈಗ ಊಟ ಮಾಡುವಾಗ ದಿನದ ಸಮಾಚಾರವೆಲ್ಲ ಈ ಚಿತ್ರದ ಮುಂದೆ ಹೇಳಿಕೊಳ್ಳುತ್ತಾರಂತೆ. ಹೇಳಿಕೊಂಡ ಮೇಲೆ ಒಳ್ಳೆ ನಿದ್ದೆ ಬರುತ್ತದಂತೆ. ಹೇಳುವಾಗ ಅವರಿಗೆ ಸಂಕೋಚವಾಗಲಿಲ್ಲ, ನಮಗೆ ನಗು ಬರಲಿಲ್ಲ. ಅಣ್ಣ ಮಾತ್ರ ಮಗಳ ಕಡೆ ತಿರುಗಿ, ನೋಡಿದೆಯಾ, ಎಲ್ಲ ಭಾವನ ಮುಖದ ಗುಣ ಅಂದ. ಹುಡುಗಿ ತಲೆ ತಗ್ಗಿಸಿದಳು.

ಆಗ ನ್ಯಾಯಾಧೀಶರು, ಕೊಳ್ಳುವವರಿಗೆ ಇಂಥದ್ದೆಲ್ಲ ತಿಳಿದುಕೊಳ್ಳುವ ಚಪಲ, ಈ ಚಿತ್ರಕ್ಕೆ ಕೂತಾಗ ತಾವು ಏನು ಕೇಳುತ್ತಿದ್ದಿರಿ ಎಂದು ಭಾವನನ್ನು ಕೇಳಿದರು. ಹುಡುಗಿ ತಲೆಯೆತ್ತಿ, ನನ್ನ ವಿಷಯ ಹೇಳುತ್ತಿದ್ದೆ, ಅದನ್ನು ಮಾವನೇ ಹೇಳಲಿ ಅಂದಳು. ಅವಳ ಕಣ್ಣಿನಲ್ಲಿ ಆಸೆಯಿತ್ತು. ಎಲ್ಲರೂ ಭಾವನ ಕಡೆ ತಿರುಗಿದರು.

ಭಾವ ಬಲಗೈಯನ್ನು ಗಲ್ಲದವರೆಗೆ ತಂದರು. ಅಲ್ಲಿಂದ ಕೆಳಗಿಳಿಸಿದರು. ಎದ್ದು ಚಿತ್ರದ ಹತ್ತಿರ ಹೋಗಿ ನಿಂತರು. ಇಷ್ಟು ದಿನ ಅದರ ಬಗ್ಗೆ ಊರೆಲ್ಲ ಮಾತಾಡಿದ್ದರೂ ಅವರು ಅದನ್ನು ಕೂಲಂಕಷವಾಗಿ ನೋಡಿದ್ದು ಬಹುಶಃ ಅದೇ ಮೊದಲು. ಬಹಳ ಹೊತ್ತು ನೋಡಿದರು.

"ಇವರು ನಾನಲ್ಲ" ಅಂದರು.

ಅಣ್ಣ ಟೀ ಲೋಟ ಕೆಳಗಿಟ್ಟ.

"ಅವತ್ತು ನಾನು ಕೂತಿದ್ದೆ, ಅಷ್ಟೇ. ಒಂದಕ್ಷರ ಕಿವಿಗೆ ಬಿದ್ದಿಲ್ಲ. ಕಚೇರೀಲಿ ಹಾಗೇ ಕೂತು ಕೂತು ಅಭ್ಯಾಸ ಆಗಿಹೋಗಿದೆ, ಮನೇಲೂ ಹಾಗೇ ಕೂರ್ತೀನಿ. ಇಲ್ಲಿ ನೋಡಿ, ಇವರು ಕೇಳಿಸ್ಕೋತಾ ಇದ್ದಾರೆ. ನನ್ನ ಮುಖದಲ್ಲಿ ಅದು ಇರಲೇ ಇಲ್ಲ. ಇಲ್ಲದ್ದನ್ನ ತಂದು ಇಟ್ಟಿದ್ದು ಇವಳು." ಅಣ್ಣನ ಕಡೆ ತಿರುಗಿದರು. "ಇದ್ದದ್ದನ್ನ ಇದ್ದ ಹಾಗೆ ಇಳಿಸಿದಾಳೆ ಅಂದ್ರಲ್ಲ. ಇದ್ದ ಹಾಗೆ ಇಳಿಸಿದ್ರೆ ಇದನ್ನ ಯಾರೂ ಮೂಸಿ ನೋಡ್ತಿರಲಿಲ್ಲ."

ಇದನ್ನು ಹೇಳಿದ ಮೇಲೆ ಅವರು ಸಣ್ಣಗಾಗಿ ಕಂಡರು. ಇನ್ನು ಊರಿನಲ್ಲಿ ಆ ಕಿವಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಡಾಕ್ಟರಮ್ಮ ಕೊಂಡದ್ದನ್ನು ವಾಪಸ್ಸು ಕೊಡುತ್ತಾರೇನೋ ಎಂದು ನಾನು ಹೆದರಿದೆ. ಹುಡುಗಿಯ ಮುಖ ನೋಡುವುದಕ್ಕಂತೂ ನನ್ನಿಂದಾಗಲಿಲ್ಲ.

ಡಾಕ್ಟರಮ್ಮ ಟೀ ಕೆಟಲನ್ನು ಕೆಳಗಿಟ್ಟು ಚಿತ್ರವನ್ನು ನೋಡಿದರು, ಭಾವನನ್ನು ನೋಡಿದರು, ಆಮೇಲೆ ಹುಡುಗಿಯನ್ನು ನೋಡಿದರು. "ಹಾಗಾದ್ರೆ ನಾನು ದಿನಾ ಮಾತಾಡ್ತಿರೋದು ಇವರ ಹತ್ರ ಅಲ್ಲ, ನಿನ್ನ ಹತ್ರ" ಅಂದರು. ನ್ಯಾಯಾಧೀಶರು ತಲೆದೂಗಿ, ಈಗ ಇದು ಮೊದಲಿಗಿಂತ ದೊಡ್ಡ ಚಿತ್ರವಾಯಿತು, ನನ್ನ ಕೈತಪ್ಪಿತಲ್ಲ ಎಂದು ಹೊಟ್ಟೆ ಉರಿದುಕೊಂಡರು.

ಅಣ್ಣ ಎದ್ದು ಹೋಗಿ ಚಿತ್ರದ ಮುಂದೆ ನಿಂತ. ಒಮ್ಮೆ ಚಿತ್ರದ ಕಿವಿಯನ್ನು, ಒಮ್ಮೆ ಭಾವನ ಕಿವಿಯನ್ನು, ಮಾದರಿಗೂ ಮಾಲಿಗೂ ತಾಳೆ ನೋಡುವ ಹಾಗೆ ನೋಡಿದ. ಎರಡಕ್ಕೂ ಹೊಂದಿಕೆಯಿಲ್ಲ ಎಂಬುದು ಅವನಿಗೂ ಕಂಡಿರಬೇಕು. ಆದರೂ ತಂದೆಯಾದವನಿಗೆ ಒಂದು ನೋವು ಉಳಿದಿತ್ತು. "ಅಲ್ಲಮ್ಮ, ಮನಸ್ಸಿನಲ್ಲಿರೋದನ್ನೆಲ್ಲ ಇವರ ಮುಂದೆ ಹೇಳ್ಕೊಂಡ್ಯಲ್ಲ, ನನಗೆ ಯಾಕೆ ಹೇಳ್ಲಿಲ್ಲ?"

"ಮೊದಲು ನಿಮಗೇ ಹೇಳಿದ್ದು ಅಪ್ಪ" ಎಂದಳು ಹುಡುಗಿ. "ನೀವು ಕೇಳ್ಲಿಲ್ಲ ಅಂತ್ಲೇ ಮಾವನ ಹತ್ರ ಹೋದೆ."

ಅಣ್ಣ ಕೂತುಕೊಂಡ. ಭಾವ ತಮ್ಮ ಕುರ್ಚಿಯನ್ನು ಎಳೆದು ತಂದು ಅಣ್ಣನ ಪಕ್ಕಕ್ಕೆ ಹಾಕಿಕೊಂಡು, ಕೈ ಎರಡೂ ತೊಡೆಯ ಮೇಲಿಟ್ಟುಕೊಂಡು, "ಇನ್ನೊಂದ್ಸಲ ಹೇಳಮ್ಮ" ಅಂದರು. ಹುಡುಗಿ ಮೊದಲು ಅತ್ತಳು. ಭಾವನ ಮೇಲೆ ಅವಳಿಗೆ ಬಂದಿದ್ದ ಸಿಟ್ಟನ್ನು ಹೇಳಿದಳು, ಭಾವ ಕೇಳಿಸಿಕೊಂಡರು. ಆಮೇಲೆ ತನ್ನ ವಿಷಯ ಹೇಳಿದಳು. ಇನ್ನೊಂದು ವರ್ಷ ಬಿಟ್ಟುಕೊಟ್ಟರೆ ಸಾಕು, ತನ್ನ ಖರ್ಚು ಮಕ್ಕಳಿಗೆ ಚಿತ್ರ ಹೇಳಿಕೊಟ್ಟು ತಾನೇ ನೋಡಿಕೊಳ್ಳುತ್ತೇನೆ, ಕೈ ಈಗಷ್ಟೇ ಮಾತು ಕೇಳುತ್ತಿದೆ, ಈಗ ಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ತನಗೆ ರಾತ್ರಿಯೆಲ್ಲ ಹೆದರಿಕೆಯಾಗುತ್ತದೆ ಎಂದಳು. ನಡುವೆ ಅವಳು ನಿಂತಾಗ ಭಾವ "ಆಮೇಲೆ?" ಎಂದು ಕೇಳಿದರು. ಅಣ್ಣ ಒಂದು ಸಲವೂ ಬಾಯಿ ಹಾಕಲಿಲ್ಲ, ಅವನ ಮಟ್ಟಿಗೆ ಅದು ಸಾಮಾನ್ಯದ ಮಾತಲ್ಲ. ಎಲ್ಲ ಮುಗಿದ ಮೇಲೆ, "ಒಂದು ವರ್ಷ ತಾನೇ?" ಅಂದ.

"ಹೂಂ ಅಪ್ಪ."

"ಸರಿ, ತಗೋ" ಅಂದ ಅಣ್ಣ. ಹೇಳಿ, ಆರಿಹೋಗಿದ್ದ ಟೀಯನ್ನು ಒಂದೇ ಗುಟುಕಿಗೆ ಕುಡಿದ.

ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಭಾವ ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಅಷ್ಟು ಹೊತ್ತೂ ಮಾತಾಡದೆ ಇದ್ದ ಅಕ್ಕ ಹತ್ತಿರ ಬಂದು ನಿಂತಳು.

"ಅವಳು ಹೇಳಿದ್ದು ಕೇಳಿಸ್ತೇನ್ರೀ?"

"ಕೇಳಿಸ್ತು ಕಣೆ" ಎಂದರು ಭಾವ. "ಪೂರ್ತಿ ಕೇಳಿಸ್ತು."

"ಹಾಗಾದ್ರೆ ಬೇಗ ಮನೆಗೆ ನಡೀರಿ" ಎಂದಳು ಅಕ್ಕ. "ನಂದೂ ಸ್ವಲ್ಪ ಇದೆ."